ಕಿವಿಯಲ್ಲಿ ಹೇಳಿದ ಚಿತ್ರ

ಅಕ್ಕೋರ ಮೇಲಿನ ಸಾಲಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿ ಕೂತಿತ್ತು. ಅದು ಕಾಣಬಾರದೆಂದು ನಗು ಬಂದಾಗಲೆಲ್ಲ ಸೆರಗಿನ ಅಂಚನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದರು. ಪಾಠ ಮಾಡುವಾಗ, ಬೀದಿಯಲ್ಲಿ ಯಾರಾದರೂ ಮಾತಾಡಿಸಿದಾಗ, ಕೊನೆಗೆ ತಮ್ಮ ತಾಯಿಯ ಎದುರೂ ಹಾಗೇ. ಸಿನಿಮಾ ಡೇರೆಯ ಒಳಗೆ ದೀಪ ಆರಿಸಿದ ಮೇಲೆ ಮಾತ್ರ ಅವರ ಸೆರಗು ಮಡಿಲಿಗೆ ಇಳಿಯುತ್ತಿತ್ತು. ಪರದೆಯ ಬೆಳಕು ಮುಖದ ಮೇಲೆ ಬಿದ್ದಾಗ ನೋಡಿದರೆ ಬಾಯಿ ತುಂಬ ನಗುತ್ತಿದ್ದರು. ಹಲ್ಲು ಕಂಡರೆ ಕಾಣಲಿ ಅನ್ನುವ ಹಾಗೆ. ಚಿತ್ರ ನೋಡುವುದು ಬಿಟ್ಟು ನಾನು ಎಷ್ಟೋ ಸಲ ಅವರ ಆ ನಗುವನ್ನೇ ನೋಡಿದ್ದೇನೆ.

ಹೆಣ್ಣುಮಕ್ಕಳಿಗೆ ಪಾಠ ಹೇಳುವವರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಿದ್ದೆವು. ಅವರು ಹೊನ್ನಾಳಿಗೆ ಬಂದಾಗ ಯುದ್ಧ ಶುರುವಾಗಿತ್ತು. ಸೀಮೆಎಣ್ಣೆಗೆ ಪರದಾಡುವ ಕಾಲ. ಊರಿನ ಕೆಲವರು ಹಿರಿಯರು ಸೇರಿ ಹೆಣ್ಣುಮಕ್ಕಳಿಗೆಂದೇ ಒಂದು ಶಾಲೆ ನಡೆಸುತ್ತಿದ್ದರು. ಅದಕ್ಕೆ ಮೊದಲು ಇದ್ದ ವಯಸ್ಸಾದ ಮೇಷ್ಟ್ರು ಕಣ್ಣು ಕಾಣದೆ ಬಿಟ್ಟುಹೋದ ಮೇಲೆ ಚನ್ನಗಿರಿ ಸೀಮೆಯ ಕತ್ತಲಗೆರೆಯಿಂದ ಇವರನ್ನು ಕರೆಸಿದರು. ಜೊತೆಗೆ ಅವರ ತಾಯಿ. ಮೊಣಕಾಲು ಹಿಡಿದುಕೊಂಡು ಗೋಡೆ ಸವರುತ್ತ ನಡೆಯುವ ಮುದುಕಿ. ಅಕ್ಕೋರಿಗೆ ಮದುವೆಯಾಗಿತ್ತು, ಗಂಡ ಬಿಟ್ಟ ಎಂದು ಕೆಲವರು ಹೇಳುತ್ತಿದ್ದರು. ಇಲ್ಲ, ಇವರೇ ಬಿಟ್ಟು ಬಂದದ್ದು ಎಂದು ಇನ್ನು ಕೆಲವರು. ಅವರು ಮಾತ್ರ ಆ ವಿಷಯಕ್ಕೆ ಒಂದು ದಿನವೂ ಬಾಯಿ ಬಿಡಲಿಲ್ಲ. ಲವಂಗ ಅಗಿಯುವ ಅಭ್ಯಾಸವಿತ್ತು. ಹತ್ತಿರ ಬಂದು ನಮ್ಮ ಪಾಟಿಯ ಮೇಲೆ ಬಗ್ಗಿದರೆ ಮೊದಲು ಆ ವಾಸನೆ ಬರುತ್ತಿತ್ತು, ಆಮೇಲೆ ಬೈಗುಳ.

ಬೈಗುಳದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. "ಏನೇ ಇದು, ಅಕ್ಷರವೋ, ಇರುವೆ ಸತ್ತು ಬಿದ್ದಾವೋ?" ಎನ್ನುತ್ತಿದ್ದರು. ಆದರೆ ಕೈ ಎತ್ತಿದ್ದನ್ನು ನಾನು ನೋಡಲಿಲ್ಲ. ಹೊಲಿಗೆ ಹೇಳಿಕೊಡುವಾಗ ಯಾರ ಬೆರಳಿಗಾದರೂ ಸೂಜಿ ಚುಚ್ಚಿದರೆ ಆ ಬೆರಳನ್ನು ಥಟ್ಟನೆ ತಮ್ಮ ಬಾಯಿಗೇ ಇಟ್ಟುಕೊಂಡುಬಿಡುತ್ತಿದ್ದರು. ಯಾವ ಮನೆಯ ಹುಡುಗಿ, ಯಾವ ಜಾತಿ ಎಂದು ನೋಡುತ್ತಿರಲಿಲ್ಲ. ಇದನ್ನು ಕೇಳಿ ನಮ್ಮವ್ವ, "ಎಲ್ಲಾ ಸರಿ ಕಣೆ, ಮನೆಗೆ ಹೋದ ಕೂಡಲೆ ಬಾಯಿ ಮುಕ್ಕಳಿಸು ಅನ್ನು ಆಯಮ್ಮಂಗೆ" ಎಂದು ನಕ್ಕಿದ್ದಳು.

ಪ್ರತಿ ವರ್ಷ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಡೇರೆ ಸಿನಿಮಾ ಬರುತ್ತಿತ್ತು. ಚನ್ನಗಿರಿಯಲ್ಲಿ ಆಡಿ, ನ್ಯಾಮತಿಗೆ ಹೋಗಿ, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಬಟ್ಟೆ, ಗಳ, ಯಂತ್ರ ಎಲ್ಲ ಹೇರಿಕೊಂಡು ನಮ್ಮೂರ ಹೊಳೆದಂಡೆಗೆ ಬರುವುದು. ಮಧ್ಯಾಹ್ನ ತಮಟೆ ಬಡಿಯುತ್ತ ಬಣ್ಣದ ಕಾಗದ ಹಂಚುವವರು ಬೀದಿ ಬೀದಿ ತಿರುಗುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಗ್ರಾಮಾಫೋನಿನ ಹಾಡು ಊರಿಗೆಲ್ಲ ಕೇಳುವಂತೆ ಹಾಕುತ್ತಿದ್ದರು. ಒಳಗೆ ಮರಳಿನ ಮೇಲೆ ಕೂರಬೇಕು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಗೋಣಿತಟ್ಟಿನ ತೆರೆ. ಒಂದೊಂದು ಸುರುಳಿ ಮುಗಿದಾಗಲೂ ದೀಪ ಹಾಕಿ ಇನ್ನೊಂದು ಸುರುಳಿ ಏರಿಸುವವರೆಗೆ ಎಲ್ಲರೂ ಕಾಯಬೇಕು. ಆ ಹೊತ್ತಿನಲ್ಲಿ ಗಂಡಸರ ಕಡೆಯಿಂದ ಬೀಡಿ ಹೊಗೆ, ನಮ್ಮ ಕಡೆಯಿಂದ ಮಕ್ಕಳ ಅಳು.

ದೊಡ್ಡ ಹುಡುಗಿಯರನ್ನು ಅಲ್ಲಿಗೆ ಕಳಿಸುವವರು ಯಾರಿದ್ದರು? ಅಕ್ಕೋರು ಮನೆ ಮನೆಗೆ ಬಂದು ಕೇಳಿದರು. ನಮ್ಮಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ಅಂಗಡಿಗೇ ಹೋಗಿ, ಮೆಟ್ಟಿಲು ಹತ್ತದೆ ಕೆಳಗೇ ನಿಂತು ಹೇಳಿದರು.

"ಮೊದಲನೇ ಆಟಕ್ಕೆ ಹೋಗಿ ಬರ್ತೀವ್ರಿ. ಒಳ್ಳೇ ಚಿತ್ರ ಇದ್ರೆ ಮಾತ್ರ. ಹುಡುಗೇರು ನಾಕು ಊರು, ನಾಕು ಜನ ನೋಡಿದಂಗೆ ಆಗ್ತೈತೆ. ಕರ್ಕೊಂಡು ಹೋಗೋದು, ಕರ್ಕೊಂಡು ಬರೋದು ನನ್ನ ಜವಾಬ್ದಾರಿ."

ಅಪ್ಪ ಗಜಕಡ್ಡಿಯನ್ನು ಕೆಳಗಿಟ್ಟ. "ನೀವಿದ್ರೆ ಸರಿ ಅಕ್ಕೋರೆ. ನಿಮ್ಮನ್ನ ನಂಬಿ ಕಳಿಸ್ತೀನಿ" ಎಂದ. ಒಳಗೆ ಬಟ್ಟೆಯ ಥಾನುಗಳ ಹಿಂದೆ ನಿಂತಿದ್ದ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಹಾಗೆ ಶುರುವಾಯಿತು ನಮ್ಮ ಸಿನಿಮಾ. ಕನ್ನಡದವು ಅಪರೂಪ. ತಮಿಳಿನವು, ತೆಲುಗಿನವು, ಹಿಂದಿಯವು ಬರುತ್ತಿದ್ದವು. ಅಕ್ಕೋರಿಗೆ ಹಿಂದಿ ಅಷ್ಟಿಷ್ಟು ಬರುತ್ತಿತ್ತು. ಅವರು ಪಿಸುಮಾತಿನಲ್ಲಿ ಅರ್ಥ ಹೇಳಲು ತೊಡಗಿದರೆ ಸುತ್ತ ಕೂತ ಹೆಂಗಸರೆಲ್ಲ ಅವರ ಕಡೆಗೆ ಸರಿಯುತ್ತಿದ್ದರು. "ಏನಂತೆ ಅಕ್ಕೋರೆ, ಏನಂತೆ?" "ಅವಳ ತಮ್ಮ ಬದುಕಿದಾನಂತೆ." "ಅಯ್ಯೋ ಶಿವನೆ, ಅಷ್ಟಾದ್ರೂ ಆಯ್ತಲ್ಲ!" ಹಿಂದಿನ ಸಾಲಿನವರಿಗೆ ಆ ಮಾತು ತಲುಪುವ ಹೊತ್ತಿಗೆ ಪರದೆಯ ಮೇಲೆ ತಮ್ಮ ಮತ್ತೆ ಸತ್ತಿರುತ್ತಿದ್ದ.

ನಿಜವಾದ ಸಿನಿಮಾ ಇದ್ದದ್ದು ಶನಿವಾರ. ಹೊಲಿಗೆಯ ತರಗತಿಯಲ್ಲಿ. ಕೈಯಲ್ಲಿ ಸೂಜಿ, ಬಾಯಲ್ಲಿ ಚಿತ್ರ. ಒಬ್ಬೊಬ್ಬರೂ ತಮಗೆ ಬಹಳ ಇಷ್ಟವಾದ ಮೂರು ಚಿತ್ರ ಹೇಳಬೇಕು. ಮೂರೇ. ಹೊಸದೊಂದು ನೋಡಿ ಬಂದು ಅದು ಬೇಕು ಅನ್ನಿಸಿದರೆ ಹಳೆಯದೊಂದನ್ನು ತೆಗೆದುಹಾಕಬೇಕು. ಯಾಕೆ ತೆಗೆದೆ, ಯಾಕೆ ಇಟ್ಟೆ ಎಂದು ಹೇಳಬೇಕು. "ಚೆನ್ನಾಗೈತೆ" ಅನ್ನುವ ಮಾತಿಗೆ ಅಲ್ಲಿ ಬೆಲೆಯೇ ಇರಲಿಲ್ಲ.

"ಸೀರೆ ಅಂಗಡೀಗೆ ಹೋಗಿ ಎಲ್ಲಾ ಚೆನ್ನಾಗೈತೆ ಅಂದ್ರೆ ಯಾವ್ದನ್ನ ಕಟ್ಟಿಕೊಡ್ತಾರೆ? ಇವರಪ್ಪನ್ನ ಕೇಳು" ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದರು. "ಇದು ಬೇಕು ಅನ್ನು. ಯಾಕೆ ಬೇಕು ಅಂತ ನಿನಗೆ ಗೊತ್ತಿರ್ಲಿ."

ನನ್ನ ಪಕ್ಕ ಕೂರುತ್ತಿದ್ದ ನೀಲಮ್ಮ ಮೊದಲ ಸಲ ಎದ್ದು ನಿಂತು ಕತ್ತಿವರಸೆಯ ಚಿತ್ರ ಒಂದನ್ನು ಹೇಳಿದಳು. ಯಾಕೆ ಎಂದು ಕೇಳಿದರೆ ಬಹಳ ಹೊತ್ತು ಬೆವರಿ, "ಅದರಾಗೆ ಕುದುರೆ ಒಂದೇ ನಾಟಕ ಮಾಡ್ತಿರಲಿಲ್ಲ ಅಕ್ಕೋರೆ" ಎಂದಳು. ನಾವೆಲ್ಲ ನಕ್ಕೆವು. ಅಕ್ಕೋರು ನಗಲಿಲ್ಲ. ಹೊಲಿಯುತ್ತಿದ್ದ ಕುಪ್ಪಸವನ್ನು ಮಡಿಲಲ್ಲಿಟ್ಟು, "ನಗಬ್ಯಾಡ್ರಿ. ಇಷ್ಟು ದಿನಕ್ಕೆ ಒಬ್ಬಳು ಕಣ್ಣು ಬಿಟ್ಟು ನೋಡಿದ್ದನ್ನ ಹೇಳಿದಾಳೆ" ಎಂದರು. ನೀಲಮ್ಮ ಅವತ್ತಿಡೀ ನೆಲದ ಮೇಲೆ ಕಾಲಿಡಲಿಲ್ಲ.

ಅಕ್ಕೋರಿಗೂ ಅವರದೇ ಮೂರಿದ್ದವು. ಒಂದು, ಅವರು ಚಿಕ್ಕವರಿದ್ದಾಗ ಶಿವಮೊಗ್ಗದಲ್ಲಿ ನೋಡಿದ ಮೂಕಿ ಚಿತ್ರ. ಅಗಸರ ಹೆಂಗಸೊಬ್ಬಳು ತುಂಬಿದ ಹೊಳೆಯಲ್ಲಿ ಬಟ್ಟೆಯ ಗಂಟು ಬಿಟ್ಟು ಯಾರದೋ ಮಗುವನ್ನು ಹಿಡಿಯುತ್ತಾಳಂತೆ. ಇನ್ನೊಂದು, ಮಾವ ಅಳಿಯ ಒಬ್ಬರಿಗೊಬ್ಬರು ಮೋಸ ಮಾಡಿಕೊಳ್ಳುವ ತಮಾಷೆಯದು. ಮೂರನೆಯದು ಒಂದು ಪುರಾಣದ ಚಿತ್ರ. ಕುರುಡ ಗಂಡನಿಗೆ ಕಣ್ಣು ಬರಲಿ ಎಂದು ಹೆಂಡತಿ ಮುಳ್ಳಿನ ಮೇಲೆ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡುವುದು. ಆ ಚಿತ್ರವನ್ನು ನಾವೂ ಅವರ ಜೊತೆ ನೋಡಿದ್ದೆವು. ಇಡೀ ಡೇರೆ ಅತ್ತಿತ್ತು.

ಒಂದು ಶನಿವಾರ ಅದರ ಮಾತು ಬಂದಾಗ ನನಗೆ ತಡೆಯಲಾಗಲಿಲ್ಲ. "ಅಕ್ಕೋರೆ, ಅವಳು ಅಷ್ಟು ದಿನ ಮುಳ್ಳಿನ ಮೇಲೆ ನಿಂತಿರುವಾಗ ಗಂಡ ಪಕ್ಕದಾಗೇ ಕೂತಿದ್ದ. ಕಣ್ಣಿಲ್ಲ ಸರಿ, ಬಾಯಿ ಇತ್ತಲ್ಲ? ಕಾಲು ನೋಯ್ತೈತೇನು ಅಂತ ಒಂದು ಸಲನಾದ್ರೂ ಕೇಳಿದ್ನಾ?" ಎಂದೆ.

ಅಕ್ಕೋರು ನನ್ನನ್ನೇ ನೋಡಿದರು. ಬೈಗುಳ ಬಂತು ಅಂದುಕೊಂಡೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಕೇಳ್ಲಿಲ್ಲ" ಎಂದರು. ಮತ್ತೆ, "ಹೌದಲ್ಲೆ, ಕೇಳ್ಲೇ ಇಲ್ಲ" ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಗೌರಿ ಮಾತಿಗೆ ನನ್ನ ಚಿತ್ರ ಬಿತ್ತು. ಇವತ್ತಿಂದ ಅದು ನನ್ನ ಮೂರರಾಗಿಲ್ಲ" ಎಂದರು.

ಅದುವರೆಗೆ ದೊಡ್ಡವರು ಯಾರೂ ನನ್ನ ಮಾತಿಗೆ ಸೋತಿರಲಿಲ್ಲ. ಮನೆಯಲ್ಲಿ ನಾನು ಬಾಯಿ ತೆಗೆದರೆ "ವಾಚಾಳಿ" ಎಂಬ ಹೆಸರು. ಇಲ್ಲಿ ಒಬ್ಬರು ಎಲ್ಲರ ಎದುರು, ಏನೂ ನಾಚದೆ, ನೀನು ಹೇಳಿದ್ದು ಸರಿ ಎಂದಿದ್ದರು. ಅವತ್ತು ಮನೆಗೆ ನಡೆದು ಬರುವಾಗ ನಾನು ಒಂದು ಗೇಣು ಬೆಳೆದಿದ್ದೆ. ಅವರ ಋಣ ನನ್ನ ಮೇಲೆ ಯಾವುದಾದರೂ ಇದ್ದರೆ ಅದು ಅವತ್ತಿನದು. ಅದನ್ನು ಇಲ್ಲ ಎನ್ನಲಾರೆ.

ಮೂರಲ್ಲದೆ ನಾಲ್ಕನೆಯದೂ ಒಂದಿತ್ತು. "ಎಲ್ಲರ ಮುಂದೆ ಹೇಳಾಕೆ ಆಗದ ಚಿತ್ರ ಒಂದು ಎಲ್ಲರಿಗೂ ಇರ್ತೈತೆ" ಎನ್ನುತ್ತಿದ್ದರು ಅಕ್ಕೋರು. "ಅದನ್ನ ನಂಬಿದವರ ಕಿವೀಲಿ ಹೇಳ್ಬೇಕು." ತರಗತಿ ಮುಗಿದು ಸೂಜಿ ದಾರ ಎತ್ತಿಡುವಾಗ ಬೇಕಾದವರು ಹೋಗಿ ಅವರ ಕಿವಿಯಲ್ಲಿ ಹೇಳಬಹುದು. ಬಲವಂತವಿರಲಿಲ್ಲ. ಅವರು ಕಿವಿಯ ಓಲೆಯನ್ನು ಹಿಡಿದುಕೊಂಡು ಬಗ್ಗುತ್ತಿದ್ದರು. ಕೇಳಿ, ತಲೆ ಆಡಿಸಿ, ಬೆನ್ನು ತಟ್ಟಿ ಕಳಿಸುತ್ತಿದ್ದರು. ಯಾರು ಏನು ಹೇಳಿದರೆಂಬುದು ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ.

ನಾನು ಬಹಳ ದಿನ ಹೇಳಿರಲಿಲ್ಲ. ಹೇಳಿದ್ದು ಒಂದು ಹಿಂದಿ ಚಿತ್ರ ನೋಡಿದ ಮೇಲೆ. ಅದರಲ್ಲಿ ಒಬ್ಬ ಹುಡುಗಿ. ಮದುವೆಯ ಹಿಂದಿನ ದಿನ ಮೈತುಂಬ ಅರಿಸಿನ ಹಚ್ಚಿಕೊಂಡವಳು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಹೊಲದ ಮೇಲೆ ಹಾದು, ರೈಲು ಹತ್ತುತ್ತಾಳೆ. ಪಟ್ಟಣಕ್ಕೆ ಹೋಗಿ ನರ್ಸ್ ಆಗುತ್ತಾಳೆ. ಕೊನೆಗೆ ಏನೇನೋ ಆಗಿ ಅದೇ ಗಂಡನ್ನೇ ಮದುವೆಯಾಗುತ್ತಾಳೆ. ಆ ಕೊನೆ ನನಗೆ ಬೇಕಿರಲಿಲ್ಲ. ನನಗೆ ಬೇಕಾದದ್ದು ರೈಲಿನ ಕಿಟಕಿಯ ಹತ್ತಿರ ಅವಳು ಕೂತು, ಕೈಯ ಅರಿಸಿನವನ್ನು ನೋಡಿ, ಸೀರೆಗೆ ಒರಸಿಕೊಳ್ಳುವಷ್ಟು ಮಾತ್ರ. ನಮ್ಮೂರಿಗೆ ರೈಲೇ ಇರಲಿಲ್ಲ. ನಾನು ರೈಲು ನೋಡಿದ್ದೇ ಆ ಪರದೆಯ ಮೇಲೆ.

ಶನಿವಾರ ಎಲ್ಲರೂ ಹೋಗುವವರೆಗೆ ಕಾದು ಅಕ್ಕೋರ ಕಿವಿಯ ಹತ್ತಿರ ಬಾಯಿ ಇಟ್ಟೆ. "ಆ ರೈಲಿನ ಹುಡುಗಿ ಚಿತ್ರ ಅಕ್ಕೋರೆ. ಅವಳು ಹೋದಂಗೆ ನಾನೂ ಹೋಗ್ತೀನಿ. ನನಗೆ ಮದುವೆ ಬ್ಯಾಡ. ನರ್ಸ್ ಆಗ್ತೀನಿ."

ಅವರು ತಲೆ ಆಡಿಸಿ ಬೆನ್ನು ತಟ್ಟಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡರು. "ಓಡಿ ಹೋಗೋದೆಲ್ಲ ಸಿನಿಮಾದಾಗೆ. ನೀನು ಮೊದಲು ಲೋಯರ್ ಸೆಕೆಂಡರಿ ಪಾಸು ಮಾಡು. ನರ್ಸ್ ಕೆಲಸ ಕಲಿಯಾಕೆ ಶಿವಮೊಗ್ಗಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ನಿಮ್ಮಪ್ಪನ ಹತ್ರ ಮಾತಾಡೋದು ನನಗೆ ಬಿಡು" ಎಂದರು. ಲವಂಗದ ವಾಸನೆ ಬರುತ್ತಿತ್ತು. ನಾನು ಆ ಮಾತನ್ನು ಹೊದ್ದುಕೊಂಡು ಓಡಾಡಿದೆ. ಪರೀಕ್ಷೆಗೆ ಅಷ್ಟು ಓದಿದವಳು ನಮ್ಮ ಮನೆತನದಲ್ಲೇ ಇರಲಿಲ್ಲ.

ಮುಂದಿನ ವರ್ಷ ಡೇರೆ ನ್ಯಾಮತಿಯಲ್ಲಿದ್ದಾಗ ಒಂದು ಸುದ್ದಿ ಬಂತು. ಅಲ್ಲಿನ ಒಬ್ಬ ಹುಡುಗಿ ಸಿನಿಮಾಕ್ಕೆ ಹೋದವಳು ಮನೆಗೆ ಬರಲಿಲ್ಲವಂತೆ. ಮಾರನೆಯ ದಿನ ಸಾಸ್ವೆಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಳು. ಮನೆಯಲ್ಲಿ ಜಗಳವಾಡಿಕೊಂಡು ಹೋಗಿದ್ದಳು, ಅಷ್ಟೆ. ಆದರೆ ಸಿಕ್ಕಿದ ಸುದ್ದಿ ಹೊನ್ನಾಳಿಗೆ ಬರುವಷ್ಟರಲ್ಲಿ ಕಾಣೆಯಾದ ಸುದ್ದಿ ಊರೆಲ್ಲ ತಿರುಗಿ ಬಾಲ, ಕೊಂಬು ಬೆಳೆಸಿಕೊಂಡಿತ್ತು. ಗಂಡ ಬಿಟ್ಟವಳು ಹೆಣ್ಣುಮಕ್ಕಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿ ಕೆಡಿಸುತ್ತಿದ್ದಾಳೆ, ಶನಿವಾರ ಶನಿವಾರ ಅದೇ ಪಾಠ ಮಾಡುತ್ತಾಳೆ ಎಂದು ಜನ ಆಡಿಕೊಳ್ಳತೊಡಗಿದರು. ಶಾಲೆ ನಡೆಸುವ ಹಿರಿಯರು ವಿಚಾರಿಸುವುದಕ್ಕೆ ಬರುತ್ತಾರೆ ಎಂದು ಗೊತ್ತಾಯಿತು. ಅಕ್ಕೋರು ಅದರ ಹಿಂದಿನ ದಿನ ಪಾಠವನ್ನೇ ಮಾಡಲಿಲ್ಲ. ಕಿಟಕಿಯ ಹತ್ತಿರ ಕೂತು ಒಂದೇ ಸಮನೆ ಲವಂಗ ಅಗಿಯುತ್ತಿದ್ದರು.

ಹಿರಿಯರು ಬಂದು ಬೆಂಚಿನ ಮೇಲೆ ಕೂತರು. ದೊಡ್ಡ ಹುಡುಗಿಯರ ತಂದೆಯರನ್ನೂ ಕರೆಸಿದ್ದರು. ನಮ್ಮಪ್ಪ ರುಮಾಲು ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ. ನಾವು ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದೆವು. ಅಕ್ಕೋರು ನಡುವೆ.

ಹಿರಿಯರಲ್ಲಿ ವಯಸ್ಸಾದವರು ಮೆತ್ತಗೇ ಕೇಳಿದರು. "ಏನಮ್ಮಾ, ಹುಡುಗೇರನ್ನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಿದ್ದೋರು ನೀವೇ ಏನು?"

"ನಾನು ಕರ್ಕೊಂಡು ಹೋಗಿಲ್ಲರಿ" ಎಂದರು ಅಕ್ಕೋರು.

ನನಗೆ ತಪ್ಪಾಗಿ ಕೇಳಿಸಿತು ಅಂದುಕೊಂಡೆ. ನೀಲಮ್ಮ ನನ್ನ ಕೈ ಹಿಚುಕಿದಳು.

"ಅವರೇ ಹೋಗ್ತಿದ್ರು. ಬ್ಯಾಡ ಅಂದ್ರೂ ಕೇಳ್ತಿರಲಿಲ್ಲ. ಹೆಣ್ಣುಮಕ್ಕಳು, ಹೆಚ್ಚುಕಡಿಮೆ ಆಗಬಾರದು ಅಂತ ಕಾಯಾಕೆ ನಾನು ಹಿಂದೆ ಹೋಗ್ತಿದ್ದೆ."

ಅಪ್ಪ ತಲೆ ಎತ್ತಿ ನೋಡಿದ. ಅಂಗಡಿಯ ಮುಂದೆ ನಿಂತು ಅವರು ಏನು ಹೇಳಿದ್ದರೆಂದು ಅವನಿಗೆ ನೆನಪಿತ್ತು. ಆದರೂ ಅವನು ಬಾಯಿ ಬಿಡಲಿಲ್ಲ. ನಂಬಿ ಕಳಿಸಿದೆ ಎಂದು ಅಷ್ಟು ಜನರ ಎದುರು ಹೇಳಿದರೆ ತನ್ನ ಮಾನವೂ ಹೋಗುತ್ತದೆಂದು ಅವನಿಗೆ ಅನ್ನಿಸಿರಬೇಕು.

"ಹಂಗಾದ್ರೆ ಇದಕ್ಕೆಲ್ಲ ಮುಂದಾಳು ಯಾರು?" ಎಂದು ಇನ್ನೊಬ್ಬರು ಗದರಿದರು. "ಇಲ್ಲ, ನೀವೇ ಏನಾದ್ರೂ ಇವರ ತಲೆ ತುಂಬಿದ್ರೋ? ನಿಜ ಹೇಳ್ರಿ. ಇಲ್ಲಾಂದ್ರೆ ನಾಳೆಯಿಂದ ನೀವು ಬೇರೆ ಊರು ನೋಡ್ಕೋಬೇಕಾಗ್ತದೆ."

ಅಕ್ಕೋರು ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಲಿಲ್ಲ. ನನ್ನ ಜಡೆಯನ್ನು ನೋಡುತ್ತ ಹೇಳಿದರು.

"ಇವಳು. ಇವಳ ಮನಸ್ಸೇ ಸರಿ ಇಲ್ಲ. ನೀವೇ ವಿಚಾರ ಮಾಡ್ರಿ. ಅದೊಂದು ಹಿಂದಿ ಚಿತ್ರ. ಮದುವೆ ಹಿಂದಿನ ದಿನ ಹುಡುಗಿ ಮನೆ ಬಿಟ್ಟು ಓಡಿ ರೈಲು ಹತ್ತೋದು. ಇವಳು ನನ್ನ ಹತ್ರ ಬಂದು, ಅವಳು ಹೋದಂಗೆ ನಾನೂ ಹೋಗ್ತೀನಿ, ನನಗೆ ಮದುವೆ ಬ್ಯಾಡ, ನರ್ಸ್ ಆಗ್ತೀನಿ ಅಂದ್ಲು."

ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ತಾವು ಹೇಳಿದ್ದನ್ನು ಮಾತ್ರ ಬಿಟ್ಟರು. ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ, ಶಿವಮೊಗ್ಗಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ ಎನ್ನುತ್ತಾರೆ ಎಂದು ನಾನು ಕಾಯುತ್ತ ನಿಂತಿದ್ದೆ. ಅವರ ಮೇಲೆ ನನಗಿದ್ದ ನಂಬಿಕೆ ಎಂಥದ್ದೆಂದರೆ, ಅಷ್ಟಾದ ಮೇಲೂ ಕಾಯುತ್ತಿದ್ದೆ. ಹಿರಿಯರು ನಮ್ಮಪ್ಪನ ಕಡೆ ನೋಡಿದರು. ಒಬ್ಬರು "ಛೆ ಛೆ" ಎಂದರು. ಅಪ್ಪ ಬಂದು ನನ್ನ ರಟ್ಟೆ ಹಿಡಿದು, "ನಡಿ" ಎಂದ. ಬಾಗಿಲಲ್ಲಿ ತಿರುಗಿ ನೋಡಿದೆ. ಅಕ್ಕೋರು ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು.

ದಾರಿಯುದ್ದಕ್ಕೂ ಅಪ್ಪ ನನ್ನ ರಟ್ಟೆ ಬಿಡಲಿಲ್ಲ. ಮನೆಯ ಹೊಸಿಲ ಹತ್ತಿರ ನಿಂತು, ಬಹಳ ಸಣ್ಣ ದನಿಯಲ್ಲಿ, "ರೈಲು ಹತ್ತಾಕೆ ಆಸೆ ಐತೇನವ್ವಾ ನಿನಗೆ?" ಎಂದು ಕೇಳಿದ. ಹೊಡೆದಿದ್ದರೆ ಸಹಿಸುತ್ತಿದ್ದೆನೇನೋ. ಅವನು ಎಂದೂ ನನ್ನನ್ನು ಅವ್ವಾ ಎಂದಿರಲಿಲ್ಲ. ಅವ್ವ ಒಲೆಯ ಮುಂದೆ ಕೂತು ಅತ್ತಳು. ನನ್ನನ್ನು ಬೈದಳು. ಆಮೇಲೆ ಹತ್ತಿರ ಕರೆದು ಕೇಳಿದಳು. "ಹೇಳೋದಿದ್ರೆ ಅವಳ ಕಿವೀಲಿ ಯಾಕೆ ಹೇಳಿದೆ? ನನಗೆ ಕಿವಿ ಇರಲಿಲ್ವಾ?"

ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಪರೀಕ್ಷೆ ಬರೆಯಲಿಲ್ಲ. ಮಾತು ಇನ್ನೂ ದೂರ ಹೋಗುವ ಮೊದಲೇ ಮದುವೆ ಮಾಡಬೇಕೆಂದು ಅಪ್ಪ ಪರಿಚಯವಿಲ್ಲದ ಕಡೆಯೇ ಹುಡುಕಿದ. ಜಗಳೂರಿನಿಂದ ಆಚೆ ಸೊಕ್ಕೆಯಲ್ಲಿ ಸಂಬಂಧ ಸಿಕ್ಕಿತು. ಗಂಡನ ಮನೆಯವರದು ಕಡಲೆಕಾಯಿ ವ್ಯಾಪಾರ. ಅರಿಸಿನ ಹಚ್ಚಿದ ದಿನ ಇಬ್ಬರು ಸೋದರತ್ತೆಯರು ನನ್ನ ಎರಡೂ ಪಕ್ಕ ಬಿಡದೆ ಕೂತಿದ್ದರು. ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದರು. ನಾನು ಎಲ್ಲಿಗೂ ಓಡುವವಳಾಗಿರಲಿಲ್ಲ. ಓದಿ, ಅಪ್ಪನನ್ನು ಒಪ್ಪಿಸಿ, ಹಗಲು ಹೊತ್ತಿನಲ್ಲಿ, ಅಕ್ಕೋರ ಕೈ ಹಿಡಿದುಕೊಂಡು ಹೋಗುವವಳಾಗಿದ್ದೆ. ಅದು ಅಕ್ಕೋರಿಗೆ ಒಬ್ಬರಿಗೇ ಗೊತ್ತಿತ್ತು.

ಅವರು ಮದುವೆಗೆ ಬರಲಿಲ್ಲ. ಅವರ ಕೆಲಸ ಉಳಿಯಿತು. ನೀಲಮ್ಮ ಯಾವಾಗಲೋ ಸಿಕ್ಕಾಗ ಹೇಳಿದಳು, ಸಿನಿಮಾಕ್ಕೆ ಹೋಗುವುದು ನಿಂತಿದೆಯಂತೆ, ಆದರೆ ಶನಿವಾರ ಹಳೆಯ ಚಿತ್ರಗಳ ಮಾತು ಆಗಾಗ ಬರುತ್ತದಂತೆ. "ಮೂರು ಮಾತ್ರ ಕೇಳ್ತಾರೆ ಕಣೆ ಈಗ. ನಾಕನೇದು ಕೇಳಲ್ಲ. ಹೇಳಾಕೆ ಹೋದ್ರೂ ಬ್ಯಾಡ ಅಂತಾರೆ" ಎಂದಳು. ಇದನ್ನು ಕೇಳಿ ನನ್ನ ಸಿಟ್ಟು ಹೆಚ್ಚಾಯಿತು. ತಾವು ಮಾಡಿದ್ದು ಏನೆಂದು ಗೊತ್ತಿಲ್ಲದವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಇವರಿಗೆ ಗೊತ್ತಿತ್ತು.

ನನ್ನ ಗಂಡ ಒಳ್ಳೆಯವರು. ಜಗಳೂರಿಗೆ ಡೇರೆ ಬಂದರೆ ಗಾಡಿ ಕಟ್ಟಿಸಿ ಕರೆದುಕೊಂಡು ಹೋಗುತ್ತಿದ್ದರು. ಚಿತ್ರ ಮುಗಿದು ವಾಪಸು ಬರುವಾಗ ಗಾಡಿಯಲ್ಲಿ, "ಹೆಂಗಿತ್ತು?" ಎಂದು ಕೇಳುತ್ತಿದ್ದರು. ನಾನು "ಚೆನ್ನಾಗಿತ್ತು" ಎನ್ನುತ್ತಿದ್ದೆ. "ಏನು ಚೆನ್ನಾಗಿತ್ತು?" ಎಂದು ಅವರು ಮತ್ತೆ ಕೇಳಿದರೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚುತ್ತಿದ್ದೆ. ಹೇಳುವುದಕ್ಕೆ ಬೇಕಾದಷ್ಟಿರುತ್ತಿತ್ತು. ಆದರೆ ಹೇಳಿದ ಮಾತು ಯಾವತ್ತು, ಯಾರ ಎದುರು, ಯಾವ ಬಾಯಿಂದ ವಾಪಸು ಬರುತ್ತದೋ ಎನ್ನುವ ಅಂಜಿಕೆ. ಪಾಪ, ಅವರು ಅದನ್ನು ನನ್ನ ಬಿಗುಮಾನ ಎಂದು ತಿಳಿದುಕೊಂಡರು.

ಎರಡನೆಯ ಹೆರಿಗೆಗೆ ತವರಿಗೆ ಹೋಗಿದ್ದಾಗ ಅಕ್ಕೋರು ಮಗುವನ್ನು ನೋಡಲು ಬಂದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ಅವರು ಬಹಳ ಇಳಿದುಹೋಗಿದ್ದರು. ಮಾತಿನ ನಡುವೆ ಕೆಮ್ಮು. ತಾವೇ ಹೊಲಿದ ಒಂದು ಕುಲಾವಿ ತಂದಿದ್ದರು. ಅವ್ವ ಚಾಪೆ ಹಾಸಿ, ಕಾಫಿ ಕೊಟ್ಟು, ಮುಖ ಬಿಗಿದುಕೊಂಡು ಒಳಗೆ ಹೋದಳು.

"ನಿನ್ನ ಮನೆ ಚೆನ್ನಾಗೈತಂತೆ. ಕೇಳಿ ಸಂತೋಷ ಆಯ್ತು" ಎಂದರು.

ನಾನು ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡೆ. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟೋ ರೀತಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು, ಬರುವಾಗ ಮಾತ್ರ ಬರಿದಾಗಿ ಬಂತು. "ಅಕ್ಕೋರೆ, ಅವತ್ತು ನನ್ನ ಮಾತನ್ನ ಯಾಕೆ ಹೇಳಿದ್ರಿ?"

"ಯಾವತ್ತು?" ಎಂದರು. ಕೂಡಲೇ, ತಾವೇ ನಾಚಿದವರಂತೆ ಲೋಟ ಕೆಳಗಿಟ್ಟರು. "ಅವರೆಲ್ಲ ನನ್ನನ್ನೇ ನೋಡ್ತಿದ್ರು ಗೌರಿ. ಅವರಿಗೆ ನೋಡಾಕೆ ಯಾರಾದ್ರೂ ಒಬ್ಬರು ಬೇಕಿತ್ತು. ನಿನ್ನ ತೋರಿಸಿದೆ."

"ನಾನೇ ಯಾಕೆ?"

"ನಿನಗೆ ಅಪ್ಪ ಇದ್ರು. ಮನೆ ಇತ್ತು. ಹೆಚ್ಚು ಅಂದ್ರೆ ಏನು ಮಾಡ್ತಾರೆ, ಮದುವೆ ಮಾಡ್ತಾರೆ, ಅಷ್ಟೇ ತಾನೆ ಅಂದ್ಕೊಂಡೆ. ನನ್ನ ಕೆಲಸ ಹೋಗಿದ್ರೆ ನಮ್ಮವ್ವನ್ನ ಕರ್ಕೊಂಡು ಎಲ್ಲಿಗೆ ಹೋಗ್ತಿದ್ದೆ ಹೇಳು?"

ಅವರ ಮಾತು ಸುಳ್ಳಲ್ಲ. ಆ ಮುದುಕಿಯನ್ನು ನಾನೂ ನೋಡಿದ್ದೆ. ಆದರೆ "ಅಷ್ಟೇ ತಾನೆ" ಅಂದರಲ್ಲ, ಅದು ನನ್ನೊಳಗೆ ಇಳಿಯಿತು. ಅವರ ತಕ್ಕಡಿಯಲ್ಲಿ ನನ್ನ ಓದು, ನನ್ನ ಶಿವಮೊಗ್ಗ, ನನ್ನ ಅಪ್ಪನ ಮುಖ, ಎಲ್ಲ ಸೇರಿ ಅಷ್ಟೇ ತೂಗಿತ್ತು. ಕ್ಷಮಿಸು ಎನ್ನುತ್ತಾರೇನೋ ಎಂದು ಕಾದೆ. ಅವರು ಹಾಗೆನ್ನಲಿಲ್ಲ. ಮಗುವಿನ ಅಂಗಾಲನ್ನು ಬೆರಳಿನಿಂದ ಸವರುತ್ತ ಕೂತರು. ಆಮೇಲೆ ಹಳೆಯ ದನಿಯಲ್ಲಿ, ಆಸೆಯಿಂದ ಕೇಳಿದರು.

"ಜಗಳೂರಾಗೆ ಸಿನಿಮಾ ಬರ್ತಾವಂತಲ್ಲ. ಈಗ ನಿನ್ನ ಮೂರು ಯಾವು?"

ಆ ವರ್ಷ ನಾನೊಂದು ಚಿತ್ರ ನೋಡಿದ್ದೆ. ಅಕ್ಕ ತಂಗಿ ಇಬ್ಬರು ಒಂದು ಬಾವಿ ತೋಡಿಸುವ ಕತೆ. ಅದರಲ್ಲಿ ಒಂದು ಕಡೆ, ನೀರು ಬಂದಾಗ ಅಕ್ಕ ನಗುವುದಿಲ್ಲ, ಸುಮ್ಮನೆ ಮೊಣಕೈವರೆಗೆ ಮಣ್ಣು ತೊಳೆದುಕೊಳ್ಳುತ್ತಾಳೆ. ಅದನ್ನು ಅಷ್ಟು ಚೆನ್ನಾಗಿ ತಿಳಿದುಕೊಳ್ಳಬಲ್ಲವರು ಈ ಲೋಕದಲ್ಲಿ ಒಬ್ಬರೇ ಇದ್ದರು. ಅವರು ನನ್ನೆದುರಿಗೇ ಕೂತಿದ್ದರು. ಹೇಳಬೇಕೆಂದು ನಾಲಿಗೆ ತುದಿಗೆ ಬಂತು.

"ಈಗ ನೋಡಾಕೆ ಹೋಗಲ್ಲ ಅಕ್ಕೋರೆ. ಪುರುಸೊತ್ತಿಲ್ಲ" ಎಂದೆ.

ಅವರು ನಂಬಲಿಲ್ಲ. ಗೋಡೆ ಹಿಡಿದು ಎದ್ದು, "ಬರ್ತೀನವ್ವಾ" ಎಂದು ಹೊರಟರು. ಬೀದಿಯ ತಿರುವಿನವರೆಗೂ ಅವರ ಕೆಮ್ಮು ಕೇಳುತ್ತಿತ್ತು.

ಅದೇ ಮಳೆಗಾಲದಲ್ಲಿ ಅವರು ತೀರಿಹೋದರು. ಸೊಕ್ಕೆಗೆ ಬಂದ ನಮ್ಮಣ್ಣ, ಬೇರೆ ಏನೇನೋ ಹೇಳುವ ನಡುವೆ ಇದನ್ನೂ ಹೇಳಿದ. ನನ್ನ ಗಂಡ, "ಹೋಗಿ ಬರ್ತೀಯಾ?" ಎಂದು ಕೇಳಿದರು. ಬೇಡ ಎಂದೆ. ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಮುಂದೆ ಹಬ್ಬಕ್ಕೆಂದು ಹೊನ್ನಾಳಿಗೆ ಹೋದಾಗ ಅವ್ವ ಹೇಳಿದಳು, ಅಕ್ಕೋರ ಮುದುಕಿ ತಾಯಿ ಇನ್ನೂ ಅವರಿದ್ದ ಕೋಣೆಯಲ್ಲೇ ಇದೆ, ಅಕ್ಕಪಕ್ಕದವರು ಒಂದು ತುತ್ತು ಹಾಕುತ್ತಾರೆ ಎಂದು. ಯಾಕೋ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋದೆ. ಮುದುಕಿಯ ಕಣ್ಣು ಪೂರ್ತಿ ಹೋಗಿತ್ತು. ಗೋಡೆಗೊರಗಿ ಕೂತಿತ್ತು.

"ಯಾರವ್ವಾ?"

"ಅಕ್ಕೋರ ಹತ್ರ ಓದಿದವಳಜ್ಜಿ."

ಮುದುಕಿ ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡಿತು. "ಓದಿದೋರು ಯಾರೂ ಬರ್ಲಿಲ್ಲವ್ವ. ನೀನೊಬ್ಬಳೇ ಬಂದೆ" ಎಂದಿತು. ರೊಟ್ಟಿ ಮುರಿದು ಕೈಗೆ ಕೊಟ್ಟೆ. ತಿನ್ನಲಿಲ್ಲ. ಕೈಯಲ್ಲೇ ಹಿಡಿದುಕೊಂಡು, "ಕಡೆಕಡೆಗೆ ನನ್ನ ಮಗಳು ಒಂದೇ ಮಾತು ಅಂತಿದ್ಲು. ಒಂದು ಹುಡುಗಿ ಬಾಳು ಹಾಳು ಮಾಡಿದೆ ಅವ್ವಾ ಅಂತಿದ್ಲು. ಜ್ವರ ಬಂದು ಏನೇನೋ ಬಡಬಡಿಸ್ತಾಳೆ ಅಂದ್ಕೊಂಡೆ. ನೀನು ಜೊತೆಗಿದ್ದೋಳು, ನಿನಗೆ ಗೊತ್ತಿರ್ತೈತೆ. ಹಂಗೇನಾದ್ರೂ ಮಾಡಿದ್ಲೇನವ್ವಾ ಅವಳು?" ಎಂದು ಕೇಳಿತು.

ನನಗೆ ಹೇಳಬೇಕಾದ ಮಾತನ್ನು ಅವರು ನನಗೆ ಹೇಳದೆ ಈ ಕುರುಡು ಮುದುಕಿಗೆ ಹೇಳಿ ಹೋಗಿದ್ದರು. ಅದೂ ಒಂದು ಮೋಸವೇ ಅನ್ನಿಸಿತು. ಅಂಗಳದಲ್ಲಿ ಯಾರೋ ನೀರು ಸೇದುತ್ತಿದ್ದರು. ಮುದುಕಿ ನನ್ನ ಮೊಣಕೈ ಬಿಟ್ಟಿರಲಿಲ್ಲ.

"ಇಲ್ಲಜ್ಜಿ" ಎಂದೆ. "ಅಂಥಾದ್ದೇನೂ ಮಾಡ್ಲಿಲ್ಲ. ನೀನು ಉಣ್ಣು."

ಮುದುಕಿ ರೊಟ್ಟಿ ತಿನ್ನುವವರೆಗೆ ಪಕ್ಕದಲ್ಲೇ ಕೂತಿದ್ದು, ಕೈ ತೊಳೆಸಿ, ಎದ್ದು ಬಂದೆ.